ತುಮಕೂರಿನಲ್ಲಿ ಮನೆ ಹತ್ತಿರದ ಪಾರ್ಕು, ನಡೆಯುವ ದಾರಿ ಹುಡುಕುವುದು ಹೇಗೆ?

ತುಮಕೂರಿನಲ್ಲಿ ಯಾರನ್ನಾದರೂ “ವಾಕಿಂಗಿಗೆ ಎಲ್ಲಿ ಹೋಗ್ತೀರಾ?” ಎಂದು ಕೇಳಿ. ಎರಡು ಮೂರು ಹೆಸರುಗಳೇ ತಿರುಗಿ ತಿರುಗಿ ಬರುತ್ತವೆ. ಅಮಾನಿಕೆರೆ, ಮಹಾತ್ಮ ಗಾಂಧಿ ಕ್ರೀಡಾಂಗಣ, ಭಾನುವಾರವಾದರೆ ದೇವರಾಯನದುರ್ಗ. ಎಲ್ಲವೂ ಒಳ್ಳೆಯ ಜಾಗಗಳೇ. ಆದರೆ ಮರಳೂರಿನಲ್ಲೋ ಶೆಟ್ಟಿಹಳ್ಳಿಯಲ್ಲೋ ಇರುವವರು ದಿನಾ ಬೆಳಿಗ್ಗೆ ಗಾಡಿ ತೆಗೆದು ಅಮಾನಿಕೆರೆವರೆಗೆ ಹೋಗಿ, ನಡೆದು, ಮತ್ತೆ ಗಾಡಿ ಹತ್ತಿ ಬರುವುದು ಎಷ್ಟು ದಿನ ನಡೆದೀತು? ಮಗುವಿಗೆ ಸ್ಕೂಲಿದ್ದ ದಿನ, ನೀರು ಬಿಟ್ಟ ದಿನ, ಜಡಿಮಳೆಯ ದಿನ ತಪ್ಪುತ್ತದೆ. ಹೀಗೆ ತಪ್ಪಿದ್ದು ತಪ್ಪಿಯೇ ಹೋಗುತ್ತದೆ. ನಡಿಗೆ ವರ್ಷಗಟ್ಟಲೆ ಉಳಿಯಬೇಕಾದರೆ ಅದು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ಎಳೆದುಕೊಂಡರೆ ಸಾಕು ಎನ್ನುವಷ್ಟು ಹತ್ತಿರದಲ್ಲಿರಬೇಕು.

ಅಂಥ ಜಾಗ ನಿಮ್ಮ ಬಡಾವಣೆಯಲ್ಲಿ ಇದ್ದೇ ಇರುತ್ತದೆ ಎಂಬುದು ನನ್ನ ನಂಬಿಕೆ. ಇದು ಕೆರೆಗಳ ಸೀಮೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುವಂತೆ ಹಿಂದಿನವರು ನೆಲವನ್ನು ಹೊಂದಿಸಿದ್ದಾರೆ. ಆ ನೆಲದ ಮೇಲೆಯೇ ನಮ್ಮ ಲೇಔಟುಗಳು ಎದ್ದಿವೆ. ಸೈಟು ಮಾಡಲು ಬಾರದ ತಗ್ಗು, ಕಾಲುವೆ ಅಂಚು, ಮೂಲೆಯ ಮುಕ್ಕೋನ ತುಂಡು ಪಾರ್ಕಿನ ಲೆಕ್ಕಕ್ಕೆ ಹೋಗುತ್ತವೆ. ಆದ್ದರಿಂದ ನಡೆಯುವ ದಾರಿ ಹುಡುಕುವವರು ಹಸಿರನ್ನು ಹುಡುಕುವುದಕ್ಕಿಂತ ಮೊದಲು ನೀರು ಹರಿದ ದಾರಿಯನ್ನು ಹುಡುಕಬೇಕು. ಈ ಲೇಖನದುದ್ದಕ್ಕೂ ಹೇಳುವುದು ಆ ಹುಡುಕಾಟದ ಕ್ರಮವನ್ನು.

ಮೊದಲು: ಕಾಲ್ನಡಿಗೆಯ ಎಲ್ಲೆ ಗುರುತಿಸಿ

ಸಾಧಾರಣ ಆರೋಗ್ಯದವರು ಹದಿನೈದು ನಿಮಿಷದಲ್ಲಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ನಡೆಯುತ್ತಾರೆ. ಫೋನಿನ ಗೂಗಲ್ ಮ್ಯಾಪ್ಸಿನಲ್ಲಿ ನಿಮ್ಮ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಗುರುತು ಬೀಳುತ್ತದೆ. ಅಲ್ಲಿಂದ ದೂರ ಅಳೆಯುವ ಆಯ್ಕೆಯನ್ನು ತೆರೆದು ನಾಲ್ಕೂ ದಿಕ್ಕಿಗೆ ಒಂದೊಂದು ಕಿಲೋಮೀಟರ್ ಎಲ್ಲಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ಅದರಾಚೆ ಎಷ್ಟೇ ಚೆಂದದ ಜಾಗವಿದ್ದರೂ ಸದ್ಯಕ್ಕೆ ಬೇಡ. ಬಿ.ಎಚ್. ರಸ್ತೆಯೋ ರೈಲ್ವೆ ಹಳಿಯೋ ಈ ಎಲ್ಲೆಯನ್ನು ಸೀಳಿಕೊಂಡು ಹೋಗುತ್ತಿದ್ದರೆ ನಿಮ್ಮ ಮನೆ ಇರುವ ಕಡೆಯ ಭಾಗವನ್ನೇ ಮೊದಲು ನೋಡಿ. ದಿನಾ ಬೆಳಗಿನ ಜಾವ ಹೆದ್ದಾರಿ ದಾಟಬೇಕಾದ ದಾರಿ ಮನೆಯ ಹಿರಿಯರಿಗೆ ಒಗ್ಗುವುದಿಲ್ಲ.

ನಕ್ಷೆ ಓದುವುದು

ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಪಾರ್ಕು ಸಿಗುವುದೂ ಕಣ್ತಪ್ಪುವುದೂ ಬಹುಮಟ್ಟಿಗೆ ಇಲ್ಲಿಯೇ.

ಮ್ಯಾಪನ್ನು ಸ್ಯಾಟಲೈಟ್ ಚಿತ್ರಕ್ಕೆ ಬದಲಾಯಿಸಿ. ಹಸಿರು ಬಣ್ಣ ಹಚ್ಚಿ ಪಾರ್ಕ್ ಎಂದು ಬರೆದಿರುವುದನ್ನಷ್ಟೇ ನಂಬಬೇಡಿ. ಬಡಾವಣೆಯ ಸಣ್ಣ ಪಾರ್ಕುಗಳಲ್ಲಿ ಎಷ್ಟೋ ಮ್ಯಾಪಿನಲ್ಲಿ ಹೆಸರೇ ಇಲ್ಲದೆ ಖಾಲಿ ಸೈಟಿನ ಹಾಗೆ ಕಾಣುತ್ತವೆ. ನೀವು ಹುಡುಕಬೇಕಾದ್ದು ಇವು: ಸಾಲುಮನೆಗಳ ನಡುವೆ ಮನೆಯಿಲ್ಲದ ಆಯತ ಅಥವಾ ಮುಕ್ಕೋನ, ಎತ್ತರದ ನೀರಿನ ಟ್ಯಾಂಕಿನ ಸುತ್ತಲ ಜಾಗ, ಮರಗಳ ತಲೆ ಒತ್ತಾಗಿ ಕಾಣುವ ಉದ್ದನೆಯ ಪಟ್ಟಿ, ಹೈಟೆನ್ಷನ್ ತಂತಿಯ ಕೆಳಗೆ ಖಾಲಿ ಬಿಟ್ಟ ಓಣಿ, ಕೆರೆಯ ಒಂದು ಬದಿಯಲ್ಲಿ ಬಿಲ್ಲಿನಂತೆ ಬಾಗಿ ಹೋಗುವ ಗೆರೆ. ಆ ಬಾಗಿದ ಗೆರೆಯೇ ಏರಿ, ಅಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ.

ಆಮೇಲೆ ಗೂಗಲ್ ಅರ್ಥ್ ತೆರೆಯಿರಿ. ಅದರಲ್ಲಿ ಎರಡು ಅನುಕೂಲಗಳಿವೆ. ಒಂದು, ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನು ನೋಡಬಹುದು. ಈಗ ಮನೆಗಳಿರುವಲ್ಲಿ ಹಿಂದೆ ನೀರು ನಿಂತಿತ್ತೇ, ಗದ್ದೆಯಿತ್ತೇ, ತೆಂಗಿನ ತೋಟವಿತ್ತೇ ಎಂಬುದು ತಿಳಿಯುತ್ತದೆ. ಇನ್ನೊಂದು, ಯಾವುದೇ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತದೆ. ಈ ಅಂಕಿ ಕರಾರುವಾಕ್ಕಲ್ಲ. ಆದರೂ ನಿಮ್ಮ ಬೀದಿಯ ಎತ್ತರ, ಬಡಾವಣೆಯ ನಾಲ್ಕು ಮೂಲೆಗಳ ಎತ್ತರ ಬರೆದುಕೊಂಡರೆ ಇಳಿಜಾರು ಯಾವ ಕಡೆಗಿದೆ ಎಂಬುದು ಗೊತ್ತಾಗುತ್ತದೆ. ಆ ತಗ್ಗಿನ ಮೂಲೆಗೇ ನೀವು ಮೊದಲು ಹೋಗಬೇಕು.

ಮೂರನೆಯದು ನಮ್ಮ ರಾಜ್ಯದ್ದೇ ಆದ ದಿಶಾಂಕ್ ಆ್ಯಪ್. ಕಂದಾಯ ದಾಖಲೆಯ ಸರ್ವೆ ನಂಬರುಗಳನ್ನು ನಕ್ಷೆಯ ಮೇಲೆ ತೋರಿಸುವ ಈ ಆ್ಯಪನ್ನು ಜಮೀನು ಕೊಳ್ಳುವವರೇ ಹೆಚ್ಚಾಗಿ ಬಳಸುತ್ತಾರೆ. ನಡೆಯುವವರಿಗೂ ಇದು ಬಲು ಉಪಯೋಗಿ. ಖಾಲಿ ಕಂಡ ಜಾಗದ ಮೇಲೆ ನಿಂತು ತೆರೆದರೆ ಅದು ಯಾವ ಸರ್ವೆ ನಂಬರಿಗೆ ಸೇರಿದ್ದು ಎಂದು ತಿಳಿಯುತ್ತದೆ. ಆ ನಂಬರು ಹಿಡಿದು ಅದು ಸರ್ಕಾರಿ ಕೆರೆಯ ಅಂಗಳವೋ, ಸಾಗುವಳಿಗೆ ಬಾರದ ಖರಾಬೋ, ಯಾರದೋ ಖಾಸಗಿ ಜಮೀನೋ ಎಂದು ವಿಚಾರಿಸಬಹುದು. ಬೇರೆಯವರ ತೋಟಕ್ಕೆ ಗೊತ್ತಿಲ್ಲದೆ ಕಾಲಿಡುವುದೂ ತಪ್ಪುತ್ತದೆ.

ಇಳಿಜಾರು ನೋಡುವಾಗ ಇನ್ನೊಂದು ಸಂಗತಿ ಮನಸ್ಸಿನಲ್ಲಿರಲಿ. ನಗರದ ಪಕ್ಕದ ದೇವರಾಯನದುರ್ಗದ ಸೀಮೆಯಲ್ಲಿ ಜಯಮಂಗಲಿಯೂ ಹುಟ್ಟುತ್ತದೆ, ಶಿಂಷೆಯೂ ಹುಟ್ಟುತ್ತದೆ. ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಶಿಂಷೆ ದಕ್ಷಿಣಕ್ಕೆ ಇಳಿದು ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿಗೆ ಹೋಗುತ್ತದೆ. ಎರಡು ನದಿಗಳ ನೀರು ಬೇರೆಯಾಗುವ ದಿಣ್ಣೆಯ ಊರು ನಮ್ಮದು. ನಿಮ್ಮ ಮನೆ ಮುಂದಿನ ಚರಂಡಿಯ ನೀರು ಯಾವ ಕೆರೆಗೆ ಹೋಗುತ್ತದೆ, ಅಲ್ಲಿಂದ ಎತ್ತ ಹೋಗುತ್ತದೆ ಎಂದು ಮಕ್ಕಳ ಜೊತೆ ಕೂತು ನಕ್ಷೆಯಲ್ಲಿ ಹಿಡಿದು ನೋಡಿ. ಶಾಲೆಯ ಭೂಗೋಳ ಪಾಠಕ್ಕಿಂತ ಚೆನ್ನಾಗಿ ತಲೆಗೆ ಹತ್ತುತ್ತದೆ.

ಯಾರನ್ನು ಕೇಳಬೇಕು

ನಕ್ಷೆಯಲ್ಲಿ ಮೂರು ನಾಲ್ಕು ಜಾಗ ಗುರುತಾದ ಮೇಲೆ ಜನರನ್ನು ಕೇಳಿ. ಬೀದಿ ಗುಡಿಸುವ ಪೌರಕಾರ್ಮಿಕರು, ಹಾಲು ಹಾಕುವವರು, ಪೇಪರ್ ಹುಡುಗರು, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಅಮ್ಮಂದಿರು ಇವರಿಗೆ ಬಡಾವಣೆಯ ಪ್ರತಿ ಮೂಲೆಯೂ ಗೊತ್ತು. ಪಾರ್ಕಿನ ಬೋರ್ಡಿನ ಮೇಲಿರುವ ಹೆಸರು ಕೇಳಿದರೆ ಯಾರಿಗೂ ತಿಳಿಯದಿರಬಹುದು. “ಅಕ್ಕ, ಇಲ್ಲಿ ಹತ್ರದಲ್ಲಿ ವಯಸ್ಸಾದೋರು ಕೂತ್ಕೊಳ್ಳೋ ಪಾರ್ಕು ಎಲ್ಲೈತೆ?” ಎಂದು ಕೇಳಿ. “ಟ್ಯಾಂಕ್ ಪಾರ್ಕಾ? ಗಣಪತಿ ಗುಡಿ ಹಿಂದ್ಗಡೆ ಐತಲ್ಲಾ” ಎಂಬಂಥ ಉತ್ತರ ಬರುತ್ತದೆ. ಊರಿನ ಬಾಯಲ್ಲಿ ಜಾಗಕ್ಕೆ ಇರುವ ಗುರುತು ಅದೇ.

ಅರವತ್ತು ದಾಟಿದ ಹಳಬರು ಸಿಕ್ಕರೆ ಬಿಡಬೇಡಿ. “ತಾತ, ಮನೆಗಳು ಬರೋಕೆ ಮುಂಚೆ ಇಲ್ಲಿ ನೀರು ಎಲ್ಲಿ ನಿಲ್ತಿತ್ತು?” ಎಂದು ಕೇಳಿ. ಗೋಕಟ್ಟೆ ಎಲ್ಲಿತ್ತು, ದನ ಹೊಡೆದುಕೊಂಡು ಹೋಗುತ್ತಿದ್ದ ಓಣಿ ಯಾವುದು, ಯಾವ ಆಲದ ಮರದಡಿ ಸಂತೆ ಕೂಡುತ್ತಿತ್ತು, ಎಲ್ಲ ಹೇಳುತ್ತಾರೆ. ಹಳೆಯ ದನದ ಓಣಿಗಳು ಇಂದಿಗೂ ಎರಡು ಬಡಾವಣೆಗಳ ನಡುವೆ ಕಿರುದಾರಿಗಳಾಗಿ ಉಳಿದಿರುವುದುಂಟು. ವಾಹನ ನುಗ್ಗದ ನಡಿಗೆ ದಾರಿಗಳಾಗಿ ಅವಕ್ಕಿಂತ ಒಳ್ಳೆಯವು ಸಿಗುವುದು ಕಷ್ಟ.

ಮೊದಲ ಸಲ ಹೋದಾಗ

ಹಗಲು ಹೊತ್ತಿನಲ್ಲೇ ಹೋಗಿ. ನೇರ ಒಳಗೆ ನುಗ್ಗದೆ ಹೊರಗಿನಿಂದ ಒಂದು ಸುತ್ತು ಬನ್ನಿ. ಎಷ್ಟು ಗೇಟುಗಳಿವೆ, ಬೀಗ ಎಲ್ಲಿದೆ, ಕಾಂಪೌಂಡು ಎಲ್ಲಿ ಒಡೆದಿದೆ, ಕಸ ಯಾವ ಮೂಲೆಗೆ ಸುರಿಯುತ್ತಾರೆ, ಬೀದಿದೀಪ ಎಲ್ಲೆಲ್ಲಿದೆ, ಎಲ್ಲ ನೋಡಿಕೊಳ್ಳಿ. ಎಷ್ಟೋ ಪಾರ್ಕುಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತವೆ. ಮಧ್ಯಾಹ್ನ ಹೋಗಿ ಬೀಗ ಕಂಡು “ಇದು ಮುಚ್ಚಿದ ಪಾರ್ಕು” ಎಂದುಕೊಂಡು ಹಿಂದಿರುಗಿದವರು ಬಹಳ ಮಂದಿ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಇನ್ನೊಮ್ಮೆ ನೋಡಿ.

ಒಳಗೆ ಹೋದ ಮೇಲೆ ಕಾಲು ಇಡುವ ನೆಲವನ್ನು ಗಮನಿಸಿ. ಇಂಟರ್‌ಲಾಕ್ ಟೈಲ್ಸ್ ಹಾಸಿದ್ದರೆ ಬೇರು ಎದ್ದು ಟೈಲ್ಸ್ ಉಬ್ಬಿರುವ ಕಡೆ ಎಡವುವ ಭಯ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಮಣ್ಣಿನ ದಾರಿ ಮೊಣಕಾಲಿಗೆ ಹಿತ. ಮಂಡಿನೋವಿನವರಿಗೆ ಕಾಂಕ್ರೀಟಿಗಿಂತ ಅದನ್ನೇ ನಾನು ಹೇಳುವುದು. ಕೂರುವ ಕಲ್ಲುಬೆಂಚು ನೆರಳಿನಲ್ಲಿದೆಯೇ, ಕುಡಿಯುವ ನೀರಿದೆಯೇ, ಶೌಚಾಲಯವಿದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂಬುದನ್ನೂ ನೋಡಿ. ಹೆಣ್ಣುಮಕ್ಕಳು ಒಂದು ಪಾರ್ಕಿಗೆ ದಿನಾ ಬರುತ್ತಾರೋ ಇಲ್ಲವೋ ಎಂಬುದು ಈ ಕೊನೆಯ ಎರಡರ ಮೇಲೆ ಬಹಳ ಮಟ್ಟಿಗೆ ನಿಂತಿದೆ.

ಒಂದೇ ಭೇಟಿಗೆ ತೀರ್ಮಾನ ಮಾಡಬೇಡಿ. ಬೆಳಗಿನ ಆರಕ್ಕೆ ಹಿರಿಯರ ಜಾಗವಾಗಿದ್ದದ್ದು ಸಂಜೆ ಐದಕ್ಕೆ ಮಕ್ಕಳ ಕ್ರಿಕೆಟ್ ಮೈದಾನವಾಗಿರುತ್ತದೆ. ರಾತ್ರಿ ಎಂಟಕ್ಕೆ ಬಾಟಲಿ ಹಿಡಿದವರು ಕೂತಿರಬಹುದು. ಮೂರೂ ಹೊತ್ತು ನೋಡಿ ನಿಮ್ಮ ಹೊತ್ತನ್ನು ಆರಿಸಿಕೊಳ್ಳಿ.

ಸುತ್ತಳತೆ

ಸಣ್ಣ ಪಾರ್ಕಿನಲ್ಲಿ ಫೋನಿನ ಜಿಪಿಎಸ್ ಲೆಕ್ಕ ಅಷ್ಟು ಸರಿ ಬರುವುದಿಲ್ಲ. ಮರಗಳ ಕೆಳಗೆ ಸುತ್ತಿ ಸುತ್ತಿ ನಡೆದರೆ ದೂರ ಹೆಚ್ಚುಕಡಿಮೆಯಾಗುತ್ತದೆ. ಟೇಪು ಹಿಡಿದು ಹತ್ತು ಮೀಟರ್ ಅಳೆದು, ಅಷ್ಟು ದೂರಕ್ಕೆ ನಿಮ್ಮ ಹೆಜ್ಜೆ ಎಷ್ಟು ಎಂದು ಎಣಿಸಿಕೊಳ್ಳಿ. ಹೆಜ್ಜೆ 70 ಸೆಂಟಿಮೀಟರ್ ಬಂದರೆ ನೂರು ಹೆಜ್ಜೆಗೆ 70 ಮೀಟರ್. ಸುತ್ತು 250 ಮೀಟರ್ ಇದ್ದರೆ ಹನ್ನೆರಡು ಸುತ್ತಿಗೆ ಮೂರು ಕಿಲೋಮೀಟರ್ ಆಯಿತು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ ಆ 150 ನಿಮಿಷ ಮುಟ್ಟುತ್ತದೆ. ವೇಗ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಪಕ್ಕದವರ ಜೊತೆ ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲವನ್ನೋ ಸಕ್ಕರೆ ಮಿಠಾಯಿಯನ್ನೋ ಇಟ್ಟುಕೊಂಡೇ ಹೊರಡಬೇಕು.

ತುಂಡುಗಳನ್ನು ಹೊಲಿದು ದಾರಿ ಮಾಡುವುದು

ಒಂದೇ ಪಾರ್ಕಿನಲ್ಲಿ ಹನ್ನೆರಡು ಸುತ್ತು ಬರುವುದು ಕೆಲವರಿಗೆ ಧ್ಯಾನ, ಹಲವರಿಗೆ ಬೇಸರ. ಬೇಸರಪಡುವವರಿಗೆ ನಾನು ಹೇಳುವುದು ಹರಕು ಬಟ್ಟೆ ಸೇರಿಸಿ ಕೌದಿ ಹೊಲಿಯುವ ಕೆಲಸವನ್ನು. ಪಾರ್ಕು ಒಂದು ತುಂಡು, ಕೆರೆ ಏರಿ ಒಂದು ತುಂಡು, ಶಾಲೆಯ ಹಿಂದಿನ ಓಣಿ ಒಂದು ತುಂಡು, ಗುಡಿಯ ಅರಳಿಕಟ್ಟೆ ಇನ್ನೊಂದು. ಇವನ್ನು ಜೋಡಿಸಿದರೆ ಮೂರು ನಾಲ್ಕು ಕಿಲೋಮೀಟರಿನ, ಮನೆಯಿಂದ ಹೊರಟು ಮನೆಗೇ ಮರಳುವ ದಾರಿ ಸಿಗುತ್ತದೆ.

ನಕ್ಷೆಯಲ್ಲಿ ನೀವು ಗುರುತಿಸಿದ ಜಾಗಗಳನ್ನು ಪೆನ್ಸಿಲಿನಿಂದ ಸೇರಿಸಿ. ದೊಡ್ಡ ರಸ್ತೆಯ ಪಕ್ಕ ನಡೆಯಬೇಕಾದ ಭಾಗ ಆದಷ್ಟೂ ಕಡಿಮೆಯಿರಲಿ. ರಸ್ತೆ ದಾಟುವುದು ಅನಿವಾರ್ಯವಾದರೆ ಸಿಗ್ನಲ್ ಇರುವ ಕಡೆಯೇ ದಾಟುವಂತೆ ದಾರಿಯನ್ನು ತಿರುಗಿಸಿ. ಕತ್ತಲಿರುವ ಭಾಗವನ್ನು ನಡಿಗೆಯ ಕೊನೆಗೆ ಇಟ್ಟುಕೊಳ್ಳಿ. ಬೆಳಗಿನ ಜಾವ ಹೊರಟವರು ಅಲ್ಲಿಗೆ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಸಂಜೆ ನಡೆಯುವವರು ಅದನ್ನು ಮೊದಲೇ ಮುಗಿಸಬೇಕು.

ಕ್ಯಾತ್ಸಂದ್ರದ ಕಡೆಯವರಿಗೆ ಇನ್ನೊಂದು ಭಾಗ್ಯವಿದೆ. ಸಿದ್ಧಗಂಗಾ ಬೆಟ್ಟದ ಮೆಟ್ಟಿಲುಗಳು ನಿಮ್ಮ ದಾರಿಗೆ ಏರುನಡಿಗೆಯ ತುಂಡಾಗಬಲ್ಲವು. ಇಳಿದು ಬಂದ ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದೆ. ನಡೆದದ್ದೆಲ್ಲ ವ್ಯರ್ಥವಾಯಿತು ಎಂದು ಕೊರಗಬೇಡಿ. ಎರಡು ತಟ್ಟೆ ಇಡ್ಲಿಯ ಆಸೆಗೆ ಐದು ಕಿಲೋಮೀಟರ್ ನಡೆಯುವ ಮನೆಮಂದಿ ಒಟ್ಟಿಗೆ ನಡೆಯುತ್ತಾರೆ. ಅದು ದೊಡ್ಡ ಲಾಭ.

ಕಾಲು ಪಳಗಿದ ಮೇಲೆ ತಿಂಗಳಿಗೊಮ್ಮೆ ಊರಾಚೆ ಹೋಗಬಹುದು. ಬಸದಿ ಬೆಟ್ಟ ಎಂದು ಕರೆಯುವ ಮಂದರಗಿರಿ, ಅದರ ಬುಡದ ಮೈದಾಳ ಕೆರೆ, ಮೇಲಿನ ಜೈನ ಬಸದಿಗಳು, ಜೈನ ಮುನಿಗಳು ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ ಮಂದಿರ ಇವೆಲ್ಲ ಒಂದು ಬೆಳಗಿನ ನಡಿಗೆಗೆ ಸರಿಯಾಗಿ ಹೊಂದುತ್ತವೆ. ಆದರೆ ದಿನದ ನಡಿಗೆ ಮನೆ ಬಾಗಿಲಿನದೇ ಆಗಿರಲಿ.

ಕೆರೆ ಏರಿಯ ಮೇಲೆ ನಡೆಯುವ ಕ್ರಮ

ಅಮಾನಿಕೆರೆಯಲ್ಲಿ ಗಾಜಿನ ಮನೆ, ಪಾರ್ಕು, ನಡೆಯುವ ದಾರಿ ಎಲ್ಲ ಇರುವುದರಿಂದ ಅಲ್ಲಿ ಹೊಸದಾಗಿ ಹೇಳುವಂಥದ್ದೇನಿಲ್ಲ. ಆದರೆ ಮರಳೂರು ಕೆರೆ, ದೇವರಾಯಪಟ್ಟಣದ ಕೆರೆ, ಭೀಮಸಂದ್ರದ ಕೆರೆಯಂಥ ಕೆರೆಗಳ ಹತ್ತಿರ ಇರುವವರು ಏರಿಯನ್ನು ನಡೆಯುವ ಮುನ್ನ ಅರಿತುಕೊಳ್ಳಬೇಕು.

ಏರಿಯ ಒಂದು ಬದಿಗೆ ನೀರು, ಕಲ್ಲು ಕಟ್ಟಿದ ಇಳಿಜಾರು. ಇನ್ನೊಂದು ಬದಿಗೆ ಹಿಂದೆ ಅಚ್ಚುಕಟ್ಟಿನ, ಅಂದರೆ ಕೆರೆಯ ನೀರು ಉಣ್ಣುವ, ಗದ್ದೆಯಾಗಿದ್ದು ಈಗ ತೋಟವೋ ಮನೆಯೋ ಆಗಿರುವ ತಗ್ಗು. ನಡುವೆ ಎಲ್ಲೋ ಒಂದು ಕಡೆ ಗದ್ದೆಗೆ ನೀರು ಬಿಡುವ ತೂಬು ಇರುತ್ತದೆ. ಹಳೆಯ ತೂಬಿನ ಕಲ್ಲುಕಂಬಗಳ ಬಳಿ ನೀರು ಆಳ, ಅಲ್ಲಿ ಮಕ್ಕಳ ಕೈ ಬಿಡಬಾರದು. ಏರಿಯ ಒಂದು ತುದಿಯಲ್ಲಿ ಕೋಡಿ. ಕೋಡಿ ಹರಿಯುತ್ತಿರುವಾಗ ಮೊಣಕಾಲುದ್ದ ನೀರಾದರೂ ದಾಟಬೇಡಿ. ಕೆಳಗಿನ ಕಲ್ಲಿಗೆ ಪಾಚಿ ಹತ್ತಿರುತ್ತದೆ, ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಮಳೆ ನಿಂತ ಮೇಲೆ ಏರಿಯಲ್ಲಿ ಹೊಸ ಬಿರುಕೋ, ಕೆಳಬದಿಯಲ್ಲಿ ಮಣ್ಣು ಕಲಸಿದ ನೀರು ಜಿನುಗುವುದೋ ಕಂಡರೆ ಫೋಟೊ ತೆಗೆದು ಕೆರೆ ನೋಡಿಕೊಳ್ಳುವ ಇಲಾಖೆಗೆ ಅದೇ ದಿನ ತಿಳಿಸಿ. ದಿನಾ ನಡೆಯುವವರ ಕಣ್ಣಿಗೆ ಬೀಳುವಷ್ಟು ಬೇಗ ಅದು ಬೇರಾರ ಕಣ್ಣಿಗೂ ಬೀಳುವುದಿಲ್ಲ.

ಏರಿಯ ಮೇಲೆ ಗಿಡ ನೆಡುವ ಉತ್ಸಾಹ ಬೇಡ. ದೊಡ್ಡ ಮರದ ಬೇರು ಮಣ್ಣಿನ ಏರಿಯನ್ನು ಸೀಳುತ್ತದೆ, ಮರ ಸತ್ತಾಗ ಬೇರಿನ ಜಾಗ ಟೊಳ್ಳಾಗಿ ನೀರಿಗೆ ದಾರಿಯಾಗುತ್ತದೆ. ನೆಡುವುದಿದ್ದರೆ ಕೆರೆಯ ಮೇಲಂಚಿನಲ್ಲಿ, ಕೇಳಿ ನೆಡಿ.

ಯಾವ ತಿಂಗಳು ಹೇಗೆ

ತುಮಕೂರಿಗೆ ಹೆಚ್ಚು ಮಳೆ ತರುವುದು ಸೆಪ್ಟೆಂಬರ್, ಅಕ್ಟೋಬರ್. ಆ ಎರಡು ತಿಂಗಳು ತಗ್ಗಿನ ಪಾರ್ಕುಗಳಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಹೆಚ್ಚು. ಹಾಗಾಗಿ ದಿಣ್ಣೆಯ ಕಡೆಯ ದಾರಿಯೊಂದನ್ನು ಬದಲಿಗೆ ಇಟ್ಟುಕೊಂಡಿರಬೇಕು. ನವೆಂಬರಿನಿಂದ ಫೆಬ್ರವರಿ ನಡೆಯಲು ಹೇಳಿ ಮಾಡಿಸಿದ ಕಾಲ. ಹೊಸದಾಗಿ ಶುರು ಮಾಡುವವರು ಆಗಲೇ ಶುರು ಮಾಡಲಿ. ಮಾರ್ಚಿನಿಂದ ಮೇವರೆಗೆ ಬಿಸಿಲು ಏರುವುದರೊಳಗೆ, ಏಳು ಗಂಟೆಗೆಲ್ಲ ಮನೆ ಸೇರಿ.

ಬೇಸಿಗೆಗೆ ನೆರಳಿನ ಲೆಕ್ಕ ಹಾಕುವಾಗ ಹೊಂಗೆ ಇರುವ ಪಾರ್ಕಿಗೆ ಹೆಚ್ಚು ಅಂಕ ಕೊಡಿ. ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ, ಬಿಸಿಲು ಸುಡುವ ಹೊತ್ತಿಗೆ ತಿಳಿಹಸಿರು ಚಿಗುರು ಹೊತ್ತು ನಿಂತಿರುತ್ತದೆ. ನಮ್ಮ ಒಣಸೀಮೆಗೆ ಇದಕ್ಕಿಂತ ಒಳ್ಳೆಯ ನೆರಳಿನ ಮರವನ್ನು ನಾನು ಕಾಣೆ. ಗುಲ್‌ಮೊಹರ್ ಏಪ್ರಿಲ್, ಮೇ ತಿಂಗಳಲ್ಲಿ ಕೆಂಪಗೆ ತುಂಬಿಕೊಳ್ಳುತ್ತದೆ, ಆದರೆ ಅದರ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಮುಂಗಾರಿಗೆ ಮುಂಚಿನ ಗುಡುಗುಮಳೆಯ ಸಂಜೆ ಅದರಡಿ ನಿಲ್ಲಬೇಡಿ.

ಮರ, ಹಕ್ಕಿ ಗುರುತಿಸಿಕೊಳ್ಳುವುದು

ಇದು ಕಡ್ಡಾಯವಲ್ಲ. ಆದರೆ ಪಾರ್ಕಿನೊಡನೆ ನಂಟು ಬೆಳೆಯುವುದು ಇಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ವಾರಕ್ಕೊಂದು ಮರದ ಹೆಸರು ಕಲಿಯಿರಿ. ಬೇವು, ಹೊಂಗೆ, ಅರಳಿ, ನೇರಳೆ ನಿಮಗೆ ಗೊತ್ತಿರುವವೇ. ಮಳೆಮರದ ಎಲೆಗಳು ಸಂಜೆಯಾಗುತ್ತಲೇ ಮಡಿಚಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಿ. ಯುಗಾದಿಯ ಹೊತ್ತಿಗೆ ಬೇವಿನ ಹೂ ಉದುರಿದ ದಾರಿಯಲ್ಲಿ ನಡೆದು ನೋಡಿ.

ಹಕ್ಕಿಗಳಲ್ಲಿ ಮೊದಲು ಕಿವಿಗೆ ಸಿಗುವವು ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿ. ಕಂಚು ಬಡಿದಂತೆ ಒಂದೇ ಸಮನೆ ‘ಟುಕ್ ಟುಕ್’ ಎನ್ನುವುದು ಕಂಚುಗಾರ ಹಕ್ಕಿ. ಪೊದೆಯಿಂದ ‘ಹೂಪ್ ಹೂಪ್’ ಎಂದು ಗಂಭೀರ ದನಿ ಬಂದರೆ ಕೆಂಬೂತ. ಕೆರೆಯ ಬಳಿ ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ ಖಾತ್ರಿ. ಚಳಿಗಾಲದಲ್ಲಿ ಬಾಲ ಕುಣಿಸುತ್ತಾ ಚರಂಡಿ ಅಂಚಿನಲ್ಲಿ ಓಡಾಡುವ ಬೂದು ಸಿಪಿಲೆ ದೂರದ ಹಿಮಾಲಯದಾಚೆಯಿಂದಲೂ ಬರುವ ಅತಿಥಿ. ದನಿ ಕೇಳಿಸಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಬೆಳಗಿನ ಹೊತ್ತು ಚೆನ್ನಾಗಿ ಕೆಲಸ ಮಾಡುತ್ತದೆ.

ಪೊದೆ, ಬೇಲಿ ಕಂಡರೆ “ಎಲ್ಲ ಕಡಿದು ನೀಟ್ ಮಾಡ್ಸಿ” ಎನ್ನುವವರು ಪ್ರತಿ ಪಾರ್ಕಿನಲ್ಲೂ ಸಿಗುತ್ತಾರೆ. ಅವರಿಗೆ ನಾಗವಲ್ಲಿಯ ಮಾತು ಹೇಳಿ. ತುಮಕೂರು ತಾಲ್ಲೂಕಿನ ಆ ಊರಿನ ಮರಗಳಲ್ಲಿ, ಬೇಲಿಸಾಲುಗಳಲ್ಲಿ ಕಾಡುಪಾಪ ಬದುಕಿದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ದುಂಡು ಕಣ್ಣಿನ, ರಾತ್ರಿ ಸಂಚರಿಸಿ ಹುಳು ಹಿಡಿಯುವ ಪ್ರಾಣಿ. ನೆಲಕ್ಕೆ ಇಳಿಯುವುದು ಅದಕ್ಕೆ ಇಷ್ಟವಿಲ್ಲ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ನಿರಾತಂಕವಾಗಿ ಓಡಾಡುತ್ತದೆ. ಬೇಲಿ ಸವರಿದರೆ ಅದರ ರಸ್ತೆಯೇ ಕಡಿದಂತೆ. ಪಾರ್ಕಿನ ದಾರಿಯ ಅಂಚನ್ನು ಒಂದು ಮೀಟರಿನಷ್ಟು ಸವರಿ ಕಾಣುವಂತೆ ಮಾಡಿ, ಹಿಂದಿನ ಪೊದೆಯನ್ನು ಹಾಗೇ ಬಿಡಿಸಿ. ಕಿತ್ತು ಹಾಕಲೇಬೇಕಾದ್ದು ಪಾರ್ಥೇನಿಯಂ, ನಮ್ಮ ಕಡೆಯ ಕಾಂಗ್ರೆಸ್ ಗಿಡ. ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕೀಳಬೇಕು. ಅದರ ಸೋಂಕಿಗೆ ಮೈ ಕೆರೆತ, ಉಬ್ಬಸ ಎರಡೂ ಬರುತ್ತವೆ.

ನಾಯಿ, ಹಾವು, ಕತ್ತಲು

ಬೀದಿನಾಯಿ ಗುರುಗುಟ್ಟಿದರೆ ಓಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ನಿಂತು ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿಸಿ. ಗೀರು ಚಿಕ್ಕದೆಂದು ಬಿಟ್ಟವರ ಜೀವ ಹೋಗಿದೆ. ರೋಗ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ನಮ್ಮ ಕಡೆ ನಾಗರಹಾವು, ಕೊಳಕುಮಂಡಲ ಎರಡೂ ಇವೆ. ಕತ್ತಲಲ್ಲಿ ಟಾರ್ಚು, ಮುಚ್ಚಿದ ಶೂ. ಕಲ್ಲುಬೆಂಚಿನ ಕೆಳಗೆ ಕೈ ಹಾಕುವ ಮುನ್ನ ಬಗ್ಗಿ ನೋಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಅಂತ ಅಲೆಯುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಾಡದಂತೆ ಇಟ್ಟು ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಯಾವುದೇ ತುರ್ತಿಗೆ 112.

ಹೆಂಗಸರು ಒಬ್ಬರೇ ಹೊರಡುವ ಬದಲು ಬೀದಿಯ ಮೂರು ನಾಲ್ಕು ಜನ ಸೇರಿ ಒಂದೇ ಹೊತ್ತು ಗೊತ್ತುಮಾಡಿಕೊಂಡರೆ ಮನೆಯವರ ಆತಂಕವೂ ಇಳಿಯುತ್ತದೆ, ಪಾರ್ಕಿನಲ್ಲಿ ಕೂರುವ ಪುಂಡರ ಧೈರ್ಯವೂ ಇಳಿಯುತ್ತದೆ.

ಬೀಗ ಬಿದ್ದಿದ್ದರೆ, ಹಾಳು ಬಿದ್ದಿದ್ದರೆ

ಮೊದಲು ಜಾಗ ಯಾರ ಕೈಯಲ್ಲಿದೆ ಎಂದು ಪತ್ತೆ ಮಾಡಿ. ಮಹಾನಗರ ಪಾಲಿಕೆಗೆ 35 ವಾರ್ಡುಗಳಿವೆ. ನಿಮ್ಮದು ಯಾವುದು ಎಂದು ತಿಳಿದುಕೊಂಡು ವಿಚಾರಿಸಿ. ಪಾಲಿಕೆಯದಲ್ಲದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಟೂಡಾ. ಖಾಸಗಿ ಲೇಔಟಿನ ಪಾರ್ಕು ಇನ್ನೂ ಪಾಲಿಕೆಗೆ ಹಸ್ತಾಂತರವೇ ಆಗದೆ ನಿಂತಿರುವುದೂ ಉಂಟು. ಅಂಥ ಪಾರ್ಕಿಗೆ ನೀರು ಬಿಡುವವರಿಲ್ಲ, ಗುಡಿಸುವವರಿಲ್ಲ. ಹಾಳುಬಿದ್ದ ಪಾರ್ಕುಗಳ ಹಿಂದೆ ಎಷ್ಟೋ ಸಲ ಇರುವ ಕಾರಣ ಇದೇ. ಕೆರೆಯಾದರೆ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿರುವುದು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಕಡಿಮೆಯದು ಪಂಚಾಯತಿ ವ್ಯವಸ್ಥೆಯದು.

ಬಾಯಿ ಮಾತಿನ ದೂರು ಬೇಡ. ಒಂದು ಪುಟದ ಅರ್ಜಿ, ದಿನಾಂಕವಿರುವ ಎರಡು ಫೋಟೊ, ಬೀದಿಯ ಹತ್ತು ಜನರ ಸಹಿ, ಕೈಗೆ ಸ್ವೀಕೃತಿ. ಕೇಳುವುದು ಒಂದೇ ಕೆಲಸವಿರಲಿ: “ಪೂರ್ವದ ಗೇಟನ್ನು ಬೆಳಿಗ್ಗೆ 5.30ಕ್ಕೆ ತೆರೆಸಬೇಕು”. “ಪಾರ್ಕ್ ಅಭಿವೃದ್ಧಿ ಮಾಡಬೇಕು” ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆಯಡಿ ಶುಲ್ಕ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು, 150 ಪದಗಳೊಳಗೆ ಇರಬೇಕು. ಕೇಳಬೇಕಾದ್ದು ಅನುಮೋದಿತ ಲೇಔಟ್ ನಕ್ಷೆಯ ಪ್ರತಿ. ಅದರಲ್ಲಿ ಪಾರ್ಕಿನ ಗಡಿ, ಅಳತೆ ಎಲ್ಲ ಇರುತ್ತದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ, ಅದರಡಿ ಇಂಥ ಜಾಗಗಳ ಪಟ್ಟಿ ತಯಾರಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಎರಡನೆಯ ಅರ್ಜಿಯಲ್ಲಿ ನಿಮ್ಮ ವಾರ್ಡಿನ ಮಟ್ಟಿಗೆ ಆ ಪಟ್ಟಿಯನ್ನು ಕೇಳಿ. ನಿಮಗೆ ಗೊತ್ತೇ ಇರದ ಇನ್ನೊಂದು ಪಾರ್ಕು ಅದರಲ್ಲಿ ಸಿಕ್ಕರೂ ಸಿಗಬಹುದು. ಕೆರೆಗೆ ಮಣ್ಣು, ಕಸ ಸುರಿಯುವುದು ಕಂಡರೆ ಕೆರೆ ಸಂರಕ್ಷಣೆಯ 2014ರ ಕಾಯ್ದೆಯನ್ನು ಉಲ್ಲೇಖಿಸಿ ಜಿಲ್ಲಾಧಿಕಾರಿ ಕಚೇರಿಗೆ ಬರೆಯಿರಿ.

ಬೇರೆಯವರಿಗೂ ಸಿಗುವಂತೆ

ದಾರಿ ನಿಕ್ಕಿಯಾದ ಮೇಲೆ ಪಾರ್ಕನ್ನು ನಕ್ಷೆಗೆ ಸೇರಿಸಿ. ಗೂಗಲ್ ಮ್ಯಾಪ್ಸಿನಲ್ಲಿ ಹೊಸ ಜಾಗ ಸೇರಿಸುವ ಆಯ್ಕೆಯಿದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಯಾರು ಬೇಕಾದರೂ ಖಾತೆ ತೆರೆದು ಪಾರ್ಕಿನ ಗಡಿ, ಒಳದಾರಿ, ಗೇಟುಗಳನ್ನು ಗೆರೆ ಎಳೆದು ಗುರುತಿಸಬಹುದು. ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಜನರ ಬಾಯಲ್ಲಿರುವ ಹೆಸರನ್ನೂ ಜೊತೆಗೆ ಹಾಕಿ. ತೆರೆಯುವ ಮುಚ್ಚುವ ಸಮಯ, ಶೌಚಾಲಯ, ಕುಡಿಯುವ ನೀರು ಇವೆಯೋ ಇಲ್ಲವೋ ಎಂಬುದು, ಗೇಟಿನಲ್ಲಿ ಮೆಟ್ಟಿಲಿದೆಯೇ, ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬರಲು ಆಗುತ್ತದೆಯೇ ಎಂಬುದು ಇವಿಷ್ಟನ್ನು ಖಂಡಿತ ನಮೂದಿಸಿ. ಫೋಟೊ ಹಾಕುವಾಗ ಅಲ್ಲಿ ಕೂತವರ ಮುಖ ಕಾಣದಂತೆ ನೋಡಿಕೊಳ್ಳಿ. ಆರು ತಿಂಗಳಿಗೊಮ್ಮೆ ಸಮಯ ಬದಲಾಗಿದೆಯೇ ಎಂದು ನೋಡಿ ತಿದ್ದಿದರೆ ಸಾಕು.